ಬೊಮ್ಮಿಯ ಹತ್ತು ಗುಂಟೆ

ಕದ್ವಾಡದ ಹೊಳೆಯಂಚಿನ ಗಜನಿಯಲ್ಲಿ, ಅಂದರೆ ಉಪ್ಪುನೀರಿನ ಆ ತಗ್ಗು ಗದ್ದೆಗಳಲ್ಲಿ, ಬೊಮ್ಮಿಗಿದ್ದದ್ದು ಹತ್ತು ಗುಂಟೆ. ಉಳುವವನೇ ಒಡೆಯ ಎಂಬ ಕಾಯ್ದೆ ಬಂದಾಗ ಅಪ್ಪ ಡಿಕ್ಲರೇಶನ್ ಹಾಕಿ, ಕಚೇರಿ ಸುತ್ತಿ ಚಪ್ಪಲಿ ಸವೆಸಿ ಉಳಿಸಿಕೊಂಡ ನೆಲ. ಅಲ್ಲಿ ಅವಳು ಉಪ್ಪು ತಡೆಯುವ ಕಗ್ಗ ಭತ್ತ ಬಿತ್ತುತ್ತಿದ್ದಳು.

ಗಜನಿಯ ಮೀನಿನ ಗುತ್ತಿಗೆ ವರ್ಷಗಳಿಂದ ಊರಿನ ದೊಡ್ಡ ಒಡೆಯ ತುಳಸಿದಾಸನದೇ. ಅವನೆದುರು ಹರಾಜು ಕೂಗುವ ಧೈರ್ಯ ಯಾರಿಗಿತ್ತು? ಶೆಟ್ಲಿಯ, ಅಂದರೆ ಸಿಗಡಿಯ ಆಸೆಗೆ, ಭತ್ತ ಬೆಳೆಯುವ ಮಳೆಗಾಲದಲ್ಲೂ ಹೊಳೆಯ ಉಪ್ಪುನೀರನ್ನು ಒಳಬಿಡುವ ನೀರಿನ ಬಾಗಿಲು ತೆರೆದಿಡುತ್ತಿದ್ದ. ಉಳಿದವರು ಗುತ್ತಿಗೆ ಹಣದ ಪಾಲು ತೆಗೆದುಕೊಂಡು ಬೇಸಾಯ ಬಿಟ್ಟರು. 2003ರಲ್ಲಿ ಬೊಮ್ಮಿಯೊಬ್ಬಳೇ ಗುತ್ತಿಗೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಲಿಲ್ಲ.

"ನಿನ್ನೊಬ್ಳ ಸಲುವಾಗಿ ಇಡೀ ಗಜನಿ ಹಾಳಾಗೂದಾ?" ಎಂದ ತುಳಸಿದಾಸ.

"ಇಡೀ ಗಜನಿ ನಂದಲ್ಲ ಒಡೆಯಾ. ಹತ್ತು ಗುಂಟೆ ನಂದು."

ಜಗಳ ಬಿಡಿಸಲು ಬಂದ ಅಧಿಕಾರಿ, ಗಜನಿಯನ್ನೆಲ್ಲ ಸರಕಾರವೇ ವಹಿಸಿಕೊಂಡರೆ ಹೇಗೆ ಎಂದರು. ಬೊಮ್ಮಿ ನಕ್ಕಳು. "ಈಗ ಬೈಯೂಕೆ ತುಳಸಿದಾಸೊಡೆಯರ ಮನೆ ಬಾಗ್ಲಾದ್ರೂ ಉಂಟು. ಸರಕಾರದ್ದಾದ್ರೆ ಯಾರ ಬಾಗ್ಲಿಗೆ ಹೋಗೂದು ಸಾಯ್ಬ್ರೆ?"

ಆ ಬೇಸಿಗೆ ಕೂಲಿಯಿಂದ ಮರಳಿದ ಮೇಲೆ ದಿನವೂ ಕೆಸರು ಹೊತ್ತು, ತನ್ನ ಗದ್ದೆಯ ಸುತ್ತ ಎದೆಮಟ್ಟದ ಕಟ್ಟೆ ಕಟ್ಟಿದಳು. ಊರು ಹುಚ್ಚಿ ಎಂದಿತು. ಮಳೆಗಾಲ ಕಳೆದಾಗ ಸುತ್ತಲೂ ಉಪ್ಪುನೀರು, ನಡುವೆ ಅವಳ ಕಗ್ಗ ತೆನೆ ಬಾಗಿ ನಿಂತಿತ್ತು. ಅಂಥ ಹಟ ನನಗಿದ್ದಿದ್ದರೆ ಎಂದು ಈ ಕತೆ ಹೇಳುವ ನಾನು ಎಷ್ಟೋ ಸಲ ಹೊಟ್ಟೆಕಿಚ್ಚು ಪಟ್ಟಿದ್ದೇನೆ.

ಆ ಬೆಳೆ ಕಂಡ ಮೇಲೆ ಮರುವರ್ಷ ಯಾರೂ ಗುತ್ತಿಗೆಗೆ ಒಪ್ಪಲಿಲ್ಲ. ತುಳಸಿದಾಸನಿಗೆ ಉಳಿದದ್ದು ನೀರಿನ ಬಾಗಿಲ ಪಕ್ಕದ ಅವನ ಸ್ವಂತ ಗದ್ದೆ. ಅಲ್ಲಾದರೂ ಸಿಗಡಿ ಬೆಳೆಸುತ್ತೇನೆಂದ. ವರ್ಷಗಟ್ಟಲೆ ಅವನಿಗೆ ಹೆದರಿದ್ದ ಊರವರಿಗೆ ಹಳೆಯ ಸಿಟ್ಟು. ಬಾಗಿಲನ್ನೇ ಮುಚ್ಚಿಬಿಡುವ ಎಂದು ಕಾಗದ ಬರೆಸಿ, ಮೊದಲ ಹೆಬ್ಬೆಟ್ಟು ಬೊಮ್ಮಿಯದೇ ಆಗಲಿ ಎಂದು ಪಕ್ಕದ ಗದ್ದೆಯ ಜಟ್ಟ ಅದನ್ನು ಅವಳ ಮುಂದೆ ಹಿಡಿದ.

"ನಾ ಒತ್ತೂದಿಲ್ಲ," ಎಂದಳು ಬೊಮ್ಮಿ.

"ನಿನ್ನ ಹೊಟ್ಟೆ ಮೇಲೆ ಹೊಡೆದವ ಅಂವ," ಎಂದ ಜಟ್ಟ.

"ಹೌದು. ಆದ್ರೂ ಆ ಗದ್ದೆ ಅವ್ರದು. ಶೆಟ್ಲಿ ಬೆಳೀಲಿ, ಏನಾರೂ ಬೆಳೀಲಿ. ನಮ್ಮ ಬದಿಗೆ ನೀರು ಬರದಿದ್ರೆ ಸೈ."

ಜನ ಬೈಯುತ್ತ ಎದ್ದುಹೋದರು. ಹೆಬ್ಬೆಟ್ಟಿಲ್ಲದ ಕಾಗದ ಅಲ್ಲೇ ಉಳಿಯಿತು.

ಮಾರನೆಯ ಬೆಳಿಗ್ಗೆ ತುಳಸಿದಾಸ ತನ್ನ ಗದ್ದೆಯಂಚಿನಲ್ಲಿ ನಿಂತಿದ್ದ. ನೀರು ಆಚೆ ಹೋಗದಂತೆ ಕಟ್ಟೆ ಕಟ್ಟಬೇಕು, ಆದರೆ ಊರಿನ ಒಬ್ಬ ಆಳೂ ಬಂದಿರಲಿಲ್ಲ. ಬೊಮ್ಮಿ ಬುಟ್ಟಿ ಹಿಡಿದು ಬಂದು ಕೆಸರಿಗಿಳಿದಳು. ಅವನಿಗೆ ತಲೆ ಎತ್ತಲಾಗಲಿಲ್ಲ. "ಕೂಲಿ ಎಷ್ಟು ಕೊಡ್ಬೇಕು?" ಎಂದು ಮೆಲ್ಲಗೆ ಕೇಳಿದ.

"ಕೂಲಿ ಬೇಡ ಒಡೆಯಾ. ಇದ್ರಾಚೆ ನನ್ನ ಗದ್ದೆ ಉಂಟು. ಬುಟ್ಟಿಗೊಂದು ಕೈ ಹಾಕಿ."

ತುಳಸಿದಾಸ ಪಂಚೆ ಎತ್ತಿಕಟ್ಟಿ ಕೆಸರಿಗಿಳಿದ.