ಹಗೇವಿನ ಬಾಯಿಯಲ್ಲಿ ಭಾವನವರು

ನಮ್ಮ ಭಾವನವರ ಕುತ್ತಿಗೆಯ ಚರ್ಮದ ಕೆಳಗೆ ಜೋಳದ ಕಾಳಿನಷ್ಟು ದಪ್ಪದ ಕಬ್ಬಿಣದ ಚೂರೊಂದು ಉಳಿದುಕೊಂಡಿತ್ತು. ತುತ್ತು ನುಂಗಿದಾಗ ಅದೂ ಮೇಲೇರಿ ಇಳಿಯುತ್ತಿತ್ತು. ಮದುವೆಯಾಗಿ ಗಜೇಂದ್ರಗಡದಿಂದ ರೋಣಕ್ಕೆ ಬಂದ ಹೊಸದರಲ್ಲಿ, ಅಡುಗೆಮನೆಯ ಬಾಗಿಲ ಸಂದಿಯಿಂದ ನಾನು ಅವರಲ್ಲಿ ಕಂಡದ್ದು ಆ ಚೂರೊಂದನ್ನೇ. ಗಂಡನ ಅಣ್ಣನ ಮುಖ ನೋಡುವ ಹಾಗಿರಲಿಲ್ಲ, ನೇರ ಮಾತಾಡುವ ಹಾಗಂತೂ ಇರಲೇ ಇಲ್ಲ.

ಅವರೂ ನನ್ನೊಡನೆ ಮಾತಾಡುತ್ತಿರಲಿಲ್ಲ. ಬೇಕಾದ್ದನ್ನು ಪಡಸಾಲೆಯ ಕಂಬಕ್ಕೆ ಹೇಳುತ್ತಿದ್ದರು. "ಕುಡಿಯಾಕ ನೀರು ಸಿಗತಾವೇನ್ರಿ?" ಎಂದು ಕಂಬವನ್ನು ಕೇಳುವರು. "ತಂಬಿಗಿ ಹೊಸ್ತಲದಾಗ ಐತ್ರಿ" ಎಂದು ನಾನು ಬೀಸುಕಲ್ಲಿಗೆ ಉತ್ತರ ಕೊಡುವೆ. ಜರ್ಮನರ ಗುಂಡಿನೆದುರು ನಿಂತು ಬಂದವರು ತಮ್ಮನ ಹೆಂಡತಿಯೆದುರು ಹೀಗೆ ಕಂಬ ಹುಡುಕುವುದನ್ನು ಕಂಡು ನನಗೆ ಸೆರಗಿನೊಳಗೆ ನಗು ತಡೆಯಲಾಗುತ್ತಿರಲಿಲ್ಲ.

ಅತ್ತೆ ಮಾವ ತೀರಿಹೋಗಿದ್ದರು. ಭಾವನವರು ಮದುವೆ ಮಾಡಿಕೊಳ್ಳಲಿಲ್ಲ. ಪುಣೆಯಲ್ಲಿ ಇಂಜಿನಿಯರಿಂಗ್ ಓದಿ ಫೌಜು ಸೇರಿದಾಗ ಅವರಿಗೆ ಇಪ್ಪತ್ತೆರಡು. ಎರಡನೆಯ ಮಹಾಯುದ್ಧಕ್ಕೆಂದು ಇಟಲಿಗೆ ಕಳಿಸಿದರು. ಹೊಳೆಗೆ ಸೇತುವೆ ಹಾಕುವುದು, ಶತ್ರು ಹುಗಿದಿಟ್ಟ ನೆಲಬಾಂಬು ಹುಡುಕಿ ತೆಗೆಯುವುದು ಅವರ ತುಕಡಿಯ ಕೆಲಸ. ನಾನು ಆ ಮನೆ ಸೇರುವ ಹೊತ್ತಿಗೆ, ಸಾವಿರದ ಒಂಬೈನೂರ ಐವತ್ತನೇ ಇಸವಿಯ ಆಚೀಚೆ, ಅದೆಲ್ಲ ಬಿಟ್ಟು ರೋಣದಿಂದ ನರಗುಂದದ ಕಡೆಗೆ ನಡೆದಿದ್ದ ರಸ್ತೆ ಕೆಲಸ ನೋಡಿಕೊಳ್ಳುತ್ತಿದ್ದರು. ಹೊಲಕ್ಕೆ ಹೋದರೆ ಬಂಡಿಜಾಡು ಬಿಟ್ಟು ಕಾಲಿಡುತ್ತಿರಲಿಲ್ಲ. ಕೈಯಲ್ಲಿ ಯಾವಾಗಲೂ ಮೊಳದುದ್ದದ ಕಬ್ಬಿಣದ ಸಲಾಕೆ. ಎರೆಮಣ್ಣಿಗೆ ಅದನ್ನು ಓರೆಯಾಗಿ ಚುಚ್ಚಿ ನೋಡಿಯೇ ಮುಂದಿನ ಹೆಜ್ಜೆ. "ಸಾಹೇಬ್ರು ಹೊಲದಾಗ ಬಂಗಾರ ಹುಡಕ್ಯಾಡತಾರ" ಎಂದು ಓಣಿಯ ಮಂದಿ ನಗುತ್ತಿದ್ದರು. ಹಗ್ಗ, ಗಾಲಿ, ಗಳೆ, ಏನನ್ನೇ ಆಗಲಿ ದಿನಾ ಹೊಸದಾಗಿ ನೋಡುವರು. "ನಿನ್ನಿ ನೋಡಿದ್ದು ನಿನ್ನಿಗಾತು" ಎಂಬುದು ಅವರ ಮಾತು. ದಿನಕ್ಕೆ ಹತ್ತು ಸಲ ಕೇಳಿ ಕೇಳಿ ನಮಗೆ ಸಾಕಾಗಿತ್ತು.

ಒಂದು ಬೇಸಿಗೆಯಲ್ಲಿ ಮನೆಮುಂದಿನ ಹಗೇವು ತೆಗೆಸಿದೆವು. ನೆಲದೊಳಗೆ ಆಳಕ್ಕೆ ತೋಡಿ, ಸುತ್ತ ಹುಲ್ಲು ಕಟ್ಟಿ, ಜೋಳ ತುಂಬಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಕಾಳು ಕೆಡುವುದಿಲ್ಲ. ಆದರೆ ಬಾಯಿ ಮುಚ್ಚಿದಾಗಲೆಲ್ಲ ಒಳಗೆ ಕೆಟ್ಟ ಗಾಳಿ ಕೂತಿರುತ್ತದೆ. ಬಾಯಿ ತೆರೆದು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಸಬೇಕು. ದೀಪ ಉರಿದರೆ ಮನುಷ್ಯ ಇಳಿಯಬಹುದು, ಆರಿದರೆ ಇಲ್ಲ. ಮೊದಲ ದಿನ ದೀಪ ಉರಿಯಿತು. ಅರ್ಧ ಜೋಳ ಮೇಲೆ ಬಂತು. ಸಂಜೆ ನಾಲ್ಕು ಹನಿ ಮಳೆ ಬಿತ್ತು. ಭಾವನವರು ಇನ್ನೂ ಕೆಲಸದಿಂದ ಬಂದಿರಲಿಲ್ಲ. ಕಾಳು ತೊಯ್ದೀತೆಂದು ಆಳು ಹನಮಪ್ಪನಿಗೆ ಹೇಳಿ ಬಾಯಿಗೆ ಕಲ್ಲು ಮುಚ್ಚಿಸಿದವಳು ನಾನು.

ಮರುದಿನ ಬೆಳಗ್ಗೆ ಕಲ್ಲು ಸರಿಸಿದ್ದೇ ತಡ, ಹನಮಪ್ಪ ಇಳಿಯಲು ಕಚ್ಚೆ ಬಿಗಿದ. ನನ್ನ ಗಂಡ ದೀಪಕ್ಕೆ ಕೈ ಹಾಕಿದವನು, "ನಿನ್ನಿ ಉರದೈತಲ್ಲ, ಇಳಿ ಇಳಿ, ಲಗೂ ಮುಗಸೂಣು" ಎಂದ. ಒಂದು ಬುಟ್ಟಿ ಮೇಲೆ ಬಂತು. ಎರಡನೆಯದಕ್ಕೆ ಹಗ್ಗ ಸಡಿಲವೇ ಉಳಿಯಿತು. ಬಗ್ಗಿ ನೋಡಿದರೆ ಹನಮಪ್ಪ ಜೋಳದ ಮೇಲೆ ಬೋರಲು ಬಿದ್ದಿದ್ದ.

ಅವನೂ ನನ್ನ ಗಂಡನೂ ಒಂದೇ ಕಟ್ಟೆಯ ಮೇಲೆ ಆಡಿ ಬೆಳೆದವರು. ಗಂಡ ರುಮಾಲು ಕಿತ್ತೊಗೆದು ಹಗೇವಿನೊಳಗೆ ಕಾಲು ಬಿಟ್ಟ. ಆಗಷ್ಟೇ ಕೆಲಸಕ್ಕೆ ಹೊರಟು ಸೈಕಲ್ ಹಿಡಿದು ಮನೆಯಿಂದ ಹೊರಬಿದ್ದ ಭಾವನವರು ಓಡಿ ಬಂದು ರಟ್ಟೆ ಹಿಡಿದೆಳೆದರು.

"ಇಳೀಬ್ಯಾಡ!"

"ಹನಮ್ಯಾ ಸಾಯಾಕತ್ಯಾನೋ ಅಣ್ಣಾ, ಬಿಡು!"

ಗಂಡ ಕೊಸರಿಕೊಂಡು ಮತ್ತೆ ಕಾಲು ಬಿಟ್ಟ. ಭಾವನವರು ಸಲಾಕೆ ಎತ್ತಿ ಅವನ ದವಡೆಗೆ ಹೊಡೆದರು. ಕಟಗಿ ಮುರಿದಂಥ ಸಪ್ಪಳ. ಹಲ್ಲು ಮೂರು ರಕ್ತದ ಜೊತೆ ಜೋಳದ ರಾಶಿಯ ಮೇಲೆ ಬಿದ್ದವು. ಆದರೂ ನನ್ನ ಗಂಡ ಗೋಳಾಡುತ್ತ ಹಗೇವಿನ ಬಾಯಿಗೆ ತೆವಳಿದ. ಎರಡನೆಯ ಏಟು ಹೆಗಲಿಗೆ ಬಿತ್ತು. ನೆಲಕ್ಕೆ ಕೆಡವಿ, ಎದೆಯ ಮೇಲೆ ಮೊಣಕಾಲೂರಿ ಕೂತರು.

ನನ್ನ ಸೆರಗು ಯಾವಾಗ ಜಾರಿತೋ. "ಏ ಕಟುಕಾ! ಒಡಹುಟ್ಟಿದಾಂವನ್ನ ಕೊಲ್ಲಾಕತ್ತೀಯಲ್ಲೋ!" ಎಂದು ಚೀರಿದೆ. ಅವರ ಮುಖ ನೋಡಿ ನಾನಾಡಿದ ಮೊದಲ ಮಾತು ಅದು. ಅವರು ನನ್ನತ್ತ ತಿರುಗಲೇ ಇಲ್ಲ. ನೆರೆದವರಿಗೆ, "ಕಂಬಳಿ ತೊಯ್ಸಿ ತರ್ರಿ, ದೀಪಾ ತರ್ರಿ" ಎಂದು ಕೂಗಿದರು. ತಮ್ಮನನ್ನು ನಾಲ್ವರ ಕೈಗೆ ಒಪ್ಪಿಸಿ, ತೊಯ್ದ ಕಂಬಳಿಯನ್ನು ಹಗ್ಗಕ್ಕೆ ಕಟ್ಟಿ ಹಗೇವಿನೊಳಗೆ ಇಳಿಸಿ ಎತ್ತಿ, ಇಳಿಸಿ ಎತ್ತಿ, ಗಾಳಿ ಕದಡಿದರು. ದೀಪ ಬಿಟ್ಟರು, ಆರಿತು. ಮತ್ತೆ ಬಿಟ್ಟರು, ಆರಿತು. ಮೂರನೆಯ ಸಲ ಉರಿಯಿತು. ಆಗ ತಮ್ಮ ಸೊಂಟಕ್ಕೇ ಹಗ್ಗ ಬಿಗಿದುಕೊಂಡು ಇಳಿದರು.

ಮೇಲೆ ತಂದಾಗ ಹನಮಪ್ಪನ ಮುಖ ನೀಲಿಗಟ್ಟಿತ್ತು, ಬಾಯಿ ತುಂಬ ಜೋಳವಿತ್ತು. ಭಾವನವರು ಬೆರಳು ಹಾಕಿ ಕಾಳು ತೆಗೆದು, ಎದೆ ಒತ್ತಿದರು. ಪಕ್ಕೆಲುಬು ಲಟಕ್ಕೆಂದಿತು. ಆದರೂ ಒತ್ತಿದರು. ಉಸಿರು ಮರಳಲಿಲ್ಲ. ಹನಮಪ್ಪನ ಹೆಂಡತಿ ಓಡಿ ಬಂದು ಅವರ ಬೆನ್ನಿಗೆ ಎರಡೂ ಕೈಯಿಂದ ಗುದ್ದಿದಳು. "ನಿನ್ನ ತಮ್ಮನ್ನ ಉಳಿಸ್ಕೊಂಡಿ, ನನ್ನ ಗಂಡನ್ನ ಒಳಗ ಬಿಟ್ಟಿ! ಈ ಬಾಯಿ ಮುಚ್ಚಿದವರು ಯಾರು? ಹೇಳು!"

ನಾನು ಅಲ್ಲೇ ನಿಂತಿದ್ದೆ. ಜಾರಿದ ಸೆರಗನ್ನು ಮತ್ತೆ ತಲೆಗೆ ಎಳೆದುಕೊಂಡೆ.

ಭಾವನವರು ನನ್ನ ಗಂಡನ ಮುಖ ನೋಡಿದರು, ಆಮೇಲೆ ನನ್ನ ಕಾಲು ನೋಡಿದರು. "ನಾನ ಮುಚ್ಚಿಸಿದ್ದೆ" ಎಂದರು. ಅವಳು ಅವರ ಮುಖಕ್ಕೆ ಉಗುಳಿದಳು. ಅವರು ಒರೆಸಿಕೊಳ್ಳಲಿಲ್ಲ.

ರಸ್ತೆ ಕೆಲಸದ ಲಾರಿಯಲ್ಲಿ ತಮ್ಮನನ್ನು ನರಗುಂದದ ದವಾಖಾನೆಗೆ ಒಯ್ದು, ದವಡೆ ಕಟ್ಟಿಸಿ, ಇಳಿಹೊತ್ತಿಗೆ ಮರಳಿ ತಂದರು. ದೀಪ ಹಚ್ಚುವ ಹೊತ್ತು ಪಡಸಾಲೆಯಲ್ಲಿ ಕೂತು ಕಂಬಕ್ಕೆ ಹೇಳತೊಡಗಿದರು. ನಾನು ಬಾಗಿಲ ಹಿಂದಿದ್ದೆ.

"ಇಟಲಿಯೊಳಗ ಒಂದು ಹೊಳಿದಂಡಿ. ಹಿಂದಿನ ದಿನ ನಾನ ನೋಡಿ, ಸಾಫ್ ಐತಿ ಅಂದು ದಾರಿ ಎರಡೂ ಕಡೆ ಬಿಳಿ ಪಟ್ಟಿ ಕಟ್ಟಿಸಿದ್ದೆ. ಮರುದಿನ ಮತ್ತ ನೋಡಲಿಲ್ಲ. ಕಟಗಿ ಪೆಟಗ್ಯಾಗಿನ ಬಾಂಬು, ಕಬ್ಬಿಣಾ ಹುಡುಕೂ ಮಷೀನಿಗೆ ತಿಳದಿರಲಿಲ್ಲ. ಒಬ್ಬ ಹುಡುಗನ ಕಾಲು ಮೊಣಕಾಲತನಾ ಹಾರಿತು. ಅವ್ವಾ ಅಂತ ಚೀರತಿದ್ದ. ಅವನ ಗೆಳ್ಯಾ ಓಡಿದ, ಹೊಟ್ಟಿ ಹರದು ಬಿದ್ದ. ಅವನ್ನ ಎತ್ತಾಕ ಮೂರನೇದಾಂವ ಓಡಿದ. ಅವನ ಬಾಂಬಿನ ಚೂರ ಈ ಕುತಗ್ಯಾಗ ಇರೂದು. ನಾನು ನಿಂದರ್ರಿ ಅಂತ ಬರೇ ಒದರಿದೆ. ಕೈಯಾಗ ಪಿಸ್ತೂಲಿತ್ತು. ಎರಡನೇದಾಂವನ ಕಾಲಿಗೆ ಹೊಡದಿದ್ರ ಇಬ್ಬರೂ ಉಳೀತಿದ್ರು. ನನ್ನ ಮಂದಿಗೆ ನಾನ ಗುಂಡು ಹಾಕೂದು ಹ್ಯಾಂಗ ಅಂತ ಹೊಡೀಲಿಲ್ಲ. ಸಂಜೀಮುಂದ ಮೂರು ಮಂದೀನ್ನ ಒಂದ ಕಂಬಳ್ಯಾಗ ಆರಿಸಿ ತುಂಬಿದೆ. ಬೂಟಿನ್ಯಾಗ ಪಾದ ಹಂಗ ಇತ್ತು."

ಸಲಾಕೆಯನ್ನು ಕಂಬಕ್ಕೆ ಆನಿಸಿಟ್ಟು, "ಇವತ್ತ ಹೊಡದೆ" ಎಂದರು.

ಖರೇ ಹೇಳಬೇಕೆಂದರೆ, ವರ್ಷಗಟ್ಟಲೆ ಅವರನ್ನು ದ್ವೇಷಿಸಿದೆ. ಗಂಡನ ದವಡೆ ಸೊಟ್ಟಾಯಿತು. ಖಡಕ್ ರೊಟ್ಟಿ ಕಡಿಯಲಾಗದು. ದಿನಾ ಬೇಳೆಯಲ್ಲಿ ರೊಟ್ಟಿ ನೆನೆಹಾಕುವಾಗ ಆ ಸಲಾಕೆಯನ್ನೇ ಶಪಿಸುತ್ತಿದ್ದೆ. ಕಲ್ಲು ಮುಚ್ಚಿಸಿದ ಕೈಯನ್ನು ಶಪಿಸುವುದಕ್ಕಿಂತ ಅದು ಸುಲಭವಾಗಿತ್ತು. ಗಂಡ ಮಾತ್ರ ಅಣ್ಣನ ಮೇಲೆ ಒಂದು ಮಾತೂ ಆಡಲಿಲ್ಲ, ನನ್ನ ಮೇಲೂ ಆಡಲಿಲ್ಲ. ಭಾವನವರು ಓಣಿಯಲ್ಲಿ ಎದುರಾದಾಗೆಲ್ಲ ಹನಮಪ್ಪನ ಹೆಂಡತಿ ನೆಲಕ್ಕೆ ಉಗುಳುತ್ತಿದ್ದಳು. ಅವರು ಸೈಕಲ್ಲಿನಿಂದಿಳಿದು, ಅವಳು ದಾಟುವವರೆಗೆ ತಲೆ ತಗ್ಗಿಸಿ ನಿಂತು, ಆಮೇಲೆ ಮುಂದೆ ಹೋಗುತ್ತಿದ್ದರು.

ಅವರು ಹಾಸಿಗೆ ಹಿಡಿದಾಗ ನನ್ನ ತಲೆಯಲ್ಲೂ ನರೆ ಬಂದಿತ್ತು. ಒಂದು ಮಧ್ಯಾಹ್ನ ಸೆರಗು ಸರಿಸಿ ಅವರ ಎದುರೇ ಕೂತೆ. "ಭಾವನವರ, ಕಲ್ಲು ಮುಚ್ಚಿಸಿದಾಕಿ ನಾನು. ನಿಮಗ ಗೊತ್ತಿತ್ತಲ್ರಿ? ಯಾಕ ನಿಮ್ಮ ಮ್ಯಾಲೆ ತಗೊಂಡ್ರಿ?" ಎಂದು ಕೇಳಿದೆ.

ಅವರು ಕಷ್ಟಪಟ್ಟು ಕಂಬದ ಕಡೆ ಮುಖ ತಿರುಗಿಸಿದರು. "ಕುಡಿಯಾಕ ನೀರು ಸಿಗತಾವೇನ್ರಿ?"

ತಂಬಿಗೆಯನ್ನು ಹೊಸ್ತಿಲಲ್ಲಿ ಇಡಲಿಲ್ಲ. ನನ್ನ ಕೈಯಾರೆ ಬಾಯಿಗೆ ಹಿಡಿದೆ. ಕುತ್ತಿಗೆಯ ಚೂರು ಒಮ್ಮೆ ಏರಿ ಇಳಿಯಿತು. ಎರಡನೆಯ ಗುಟುಕು ಕಟಬಾಯಿಯಿಂದ ಹೊರಗೆ ಹರಿಯಿತು. ಗಂಡ ತನ್ನ ಸೊಟ್ಟ ದವಡೆಯಿಂದ "ಅಣ್ಣಾ" ಎಂದು ಕೂಗಿದ.

ಮಣ್ಣು ಕೊಟ್ಟು ಬಂದ ಸಂಜೆ ನಾನು ಹನಮಪ್ಪನ ಮನೆಗೆ ಹೋದೆ. ಅವನ ಹೆಂಡತಿ ಪಡಸಾಲೆಯಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಅಲ್ಲಿಯೂ ಒಂದು ಕಂಬವಿತ್ತು. ನಾನು ಅದರ ಕಡೆ ನೋಡಲಿಲ್ಲ. ಅವಳ ಮುಖ ನೋಡಿಯೇ ಹೇಳಿದೆ.