ಜಮಾದಾರ ನೆಟ್ಟಗೆ ನಡೆದ ದಿನ

ದೇವರು ಮೈಮೇಲೆ ಬಂತು, ಸತ್ತವರು ಕನಸಿನಲ್ಲಿ ಬಂದು ಗುರುತು ಹೇಳಿ ಹೋದರು ಎಂಬಂಥ ಮಾತು ಕಿವಿಗೆ ಬಿದ್ದರೆ ನಾನು ಎದ್ದು ಹೊರಗೆ ಹೋಗುತ್ತಿದ್ದವನು. ಲಿಂಗಸುಗೂರಿನಲ್ಲಿ ಉರ್ದು ಶಾಲೆ ಕಲಿತು ಬಂದಿದ್ದೆ. ಊರಿನವರು ಏನೇ ಹೇಳಲಿ, ‘ಎಲ್ಲಾ ವಹಮು’ ಎಂದು ಒಂದೇ ಮಾತಿನಲ್ಲಿ ತೀರಿಸಿಬಿಡುತ್ತಿದ್ದೆ. ವಹಮು ಅಂದರೆ ಬರೀ ಭ್ರಮೆ. ಆ ಮಾತಿನ ಗತ್ತು ನನಗೆ ಬಹಳ ಹಿಡಿಸಿತ್ತು. ಅವ್ವನಿಗೆ ಮಾತ್ರ ಅದನ್ನು ಕೇಳಿದರೆ ಮೈಯೆಲ್ಲ ಉರಿ. ಈಗಲೂ ನಾನು ದೊಡ್ಡ ಭಕ್ತನೇನಲ್ಲ. ಆದರೆ ನಮ್ಮ ನಾಯಿಯ ವಿಷಯ ಬಂದಾಗ ಆ ಮಾತು ಬಾಯಿಂದ ಹೊರಡುವುದಿಲ್ಲ. ಯಾಕೆಂಬುದನ್ನು ನಡೆದದ್ದು ನಡೆದ ಹಾಗೆ ಬರೆಯುತ್ತೇನೆ. ಓದುವ ನಿಮಗೆ ಏನಾದರೂ ಹೊಳೆದರೆ ಸಂತೋಷ.

ಆಗ ನಿಜಾಮರ ಆಳ್ವಿಕೆ. ನಮ್ಮದು ಸಂತೆಕಲ್ಲೂರು. ಅಪ್ಪ ಮೊದಲೇ ತೀರಿಕೊಂಡಿದ್ದ. ಮನೆಯಲ್ಲಿ ನಾನು, ಅವ್ವ, ಒಂದು ಜೋಡಿ ಎತ್ತು, ಮತ್ತೆ ಜಮಾದಾರ. ಮಸ್ಕಿ ಸಂತೆಯಿಂದ ಬರುವಾಗ ನಮ್ಮ ಬಂಡಿಯ ಹಿಂದೆ ತಾನಾಗಿಯೇ ನಡೆದು ಬಂದ ನಾಯಿಮರಿ ಅದು. ಬಂದ ದಿನವೇ ಕಟ್ಟೆ ಹತ್ತಿ ಎದೆ ಸೆಟೆಸಿ ಕೂತು, ಹೋಗಿಬರುವವರನ್ನೆಲ್ಲ ತಡೆದು ವಿಚಾರಣೆ ಶುರುಮಾಡಿತು. ಅದಕ್ಕೇ ಆ ಹೆಸರು. ಅವನನ್ನು ‘ಅದು’ ಎನ್ನಲು ನನಗೆ ಮನಸ್ಸು ಬಾರದು, ಇನ್ನು ಮುಂದೆ ‘ಅವನು’ ಎಂದೇ ಬರೆಯುತ್ತೇನೆ.

ಬೆಳೆದು ಗಟ್ಟಿಮುಟ್ಟಾದ ಮೇಲೆ ಅವನಿಗೆ ಮೂರ್ಛೆ ಬರತೊಡಗಿತು. ರೊಟ್ಟಿ ತಿನ್ನುತ್ತಿದ್ದವನು ಒಮ್ಮೆಲೆ ಪಕ್ಕಕ್ಕೆ ಉರುಳಿ, ಕಣ್ಣು ಮೇಲೆ ಮಾಡಿ, ನಾಲ್ಕೂ ಕಾಲು ಬಡಿಯುತ್ತ ಬಾಯಿಂದ ನೊರೆ ಬಿಡುತ್ತಿದ್ದ. ಮೊದಲ ಸಲ ನೋಡಿದಾಗ ಅವನು ಸತ್ತೇ ಹೋದ ಎಂದುಕೊಂಡು ನಾನು ಅತ್ತುಬಿಟ್ಟೆ. ಅವನನ್ನು ಬಂಡಿಯಲ್ಲಿ ಹಾಕಿಕೊಂಡು ಲಿಂಗಸುಗೂರಿಗೆ ಹೋದೆ. ಅಲ್ಲಿ ಒಬ್ಬ ಸಲೋತ್ರಿ ಇದ್ದರು, ಅಂದರೆ ಸರಕಾರಿ ದನದ ಡಾಕ್ಟರು. ಕುದುರೆ, ಎತ್ತು ನೋಡಿ ರೂಢಿಯಾಗಿದ್ದ ಅವರಿಗೆ ನಾಯಿಯನ್ನು ಬಂಡಿಯಲ್ಲಿ ಕರೆತಂದವನನ್ನು ಕಂಡು ನಗು ಬಂತು. ಆದರೂ ಕೂತು ಎಲ್ಲ ಕೇಳಿದರು.

“ಅರೇ ಭಾಯಿ, ಇದು ಹುಚ್ಚಲ್ಲ, ಮಿರ್ಗಿ, ಮೂರ್ಛಿ ರೋಗ. ಮನುಷ್ಯಾರಿಗೂ ಬರ್ತೈತಿ, ನಾಯಿಗೂ ಬರ್ತೈತಿ. ಅಂಜಬ್ಯಾಡ” ಎಂದು ಉಪ್ಪಿನಂಥ ಒಂದು ಬಿಳಿ ಪುಡಿ ಕಟ್ಟಿಕೊಟ್ಟರು.

ಆ ಪುಡಿಯನ್ನು ಅವನ ಹೊಟ್ಟೆಗೆ ಇಳಿಸುವುದೇ ನಮ್ಮ ಮನೆಯ ದೊಡ್ಡ ಕೆಲಸವಾಯಿತು. ಮಜ್ಜಿಗೆಯಲ್ಲಿ ಕಲಸಿದರೆ ಮೂಸಿ ಮುಖ ತಿರುಗಿಸುತ್ತಿದ್ದ. ಕೊನೆಗೆ ಬಿಸಿ ರೊಟ್ಟಿಗೆ ಬೆಣ್ಣೆ ಸವರಿ ಅದರೊಳಗೆ ಪುಡಿ ಮಡಚಿ ಕೊಡತೊಡಗಿದೆವು. ನನಗೆ ಇಲ್ಲದ ಬೆಣ್ಣೆ ಅವನಿಗೆ. ಮೂರ್ಛೆ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಬಂದಾಗ ಅವ್ವ ಕೌದಿ ಹಾಸಿ ಅವನ ತಲೆಗೆ ಆಸರೆ ಕೊಟ್ಟು, ಮೂಗಿಗೆ ಒಡೆದ ಉಳ್ಳಾಗಡ್ಡಿ ಹಿಡಿದು, ಕಬ್ಬಿಣದ ಕೀಲಿಕೈಯನ್ನು ಮುಂಗಾಲಿಗೆ ಒತ್ತಿ ಕೂಡುತ್ತಿದ್ದಳು. ಮನುಷ್ಯರಿಗೆ ಮಾಡುವುದನ್ನೇ ನಾಯಿಗೂ ಮಾಡುತ್ತಿದ್ದಳು. “ವಹಮು” ಎಂದು ನಾನು ಗೊಣಗುತ್ತಿದ್ದೆ, ಕೀಲಿಕೈ ಜಾರಿದರೆ ಎತ್ತಿಯೂ ಕೊಡುತ್ತಿದ್ದೆ.

ಇಲ್ಲಿ ಒಂದು ಸಂಗತಿ ನೆನಪಿಡಬೇಕು. ಮೂರ್ಛೆ ತಿಳಿದೆದ್ದ ಮೇಲೆ ಸ್ವಲ್ಪ ಹೊತ್ತು ಅವನಿಗೆ ಕಣ್ಣು ಕಾಣುತ್ತಿರಲಿಲ್ಲ, ನಮ್ಮ ಗುರುತೂ ಸಿಗುತ್ತಿರಲಿಲ್ಲ. ಎಡಕ್ಕೆ ವಾಲಿಕೊಂಡು ಗಾಣದ ಎತ್ತಿನಂತೆ ಸುತ್ತು ಹಾಕುತ್ತ, ಕಂಬಕ್ಕೋ ಗೋಡೆಗೋ ಢೀ ಕೊಟ್ಟು ನಿಲ್ಲುತ್ತಿದ್ದ. ಪ್ರತಿ ಸಲವೂ ಎಡಕ್ಕೇ. ಅದಕ್ಕೆಂದೇ ಅವ್ವ ಪಡಸಾಲೆಯ ಎಡಗಂಬಕ್ಕೆ ಹಳೆಯ ಗೋಣಿಚೀಲ ಸುತ್ತಿಟ್ಟಿದ್ದಳು.

ಊರಿನವರಿಗೆ ಇದೆಲ್ಲ ಎಲ್ಲಿ ತಿಳಿಯಬೇಕು? ನೊರೆ ಕಂಡವರೆಲ್ಲ ಹುಚ್ಚುನಾಯಿ ಎಂದರು. ಊರಿನ ಗೌಡರು ಕೆಟ್ಟವರಲ್ಲ, ಆದರೆ ಊರಿನ ಮಕ್ಕಳು ಮರಿ ನೋಡಿಕೊಳ್ಳುವ ಹೊಣೆ ಅವರದು. ಒಂದು ದಿನ ನನ್ನನ್ನು ಅಗಸಿ ಬಾಗಿಲ ಹತ್ತಿರ ನಿಲ್ಲಿಸಿದರು.

“ತಮ್ಮಾ, ಇನ್ನೊಮ್ಮೆ ನಾಲ್ಕು ಮಂದಿ ಮುಂದ ನಿನ್ನ ನಾಯಿ ಹಂಗ ಬಿತ್ತಂದ್ರ ಬಡಿಸಿಹಾಕ್ತೀನಿ. ಆಮ್ಯಾಲ ನನ್ನ ಬೈಬ್ಯಾಡ.”

“ಹುಚ್ಚಲ್ರೀ ಗೌಡ್ರ, ಮಿರ್ಗಿ ಅಂತ್ರೀ, ಸಲೋತ್ರಿ ಸಾಹೇಬ್ರು ಹೇಳ್ಯಾರ.”

“ಮಿರ್ಗಿನೋ ಮುರ್ಗಿನೋ. ನೊರಿ ಬಂತಂದ್ರ ಮುಗೀತು.”

ಅಂದಿನಿಂದ ಜಮಾದಾರನ ಠಾಣ್ಯ ಹಿತ್ತಲಿಗೆ ಬದಲಾಯಿತು. ಕಟ್ಟೆಯ ಮೇಲೆ ಕೂತು ಊರು ಆಳುತ್ತಿದ್ದವನನ್ನು ಸರಪಳಿ ಹಾಕಿ ಕಟ್ಟುವಾಗ ನಾನು ಅವನ ಮುಖ ನೋಡುತ್ತಿರಲಿಲ್ಲ. ಅವ್ವ ಸುಮ್ಮನೆ ಕೂಡುವವಳಲ್ಲ. ನಮ್ಮ ಮನೆದೇವರು ಮೈಲಾರಲಿಂಗ. ಅವನಿಗೆ ನಾಯಿಯೆಂದರೆ ಪ್ರೀತಿ. ಅವನ ಭಕ್ತರಾದ ಗೊರವಯ್ಯಗಳು ತಮ್ಮನ್ನು ದೇವರ ನಾಯಿಗಳೆಂದೇ ಕರೆದುಕೊಳ್ಳುತ್ತಾರೆ. ಅವರನ್ನು ಮನೆಗೆ ಕರೆದು, ಅವರ ಮರದ ಬಟ್ಟಲಿಗೆ ಹಾಲು, ತುಪ್ಪ, ಬೆಲ್ಲ, ಬಾಳೆಹಣ್ಣು ತುಂಬಿಸಿದರೆ, ಅವರು ಮೊಣಕಾಲೂರಿ, ಬೊಗಳುತ್ತ, ಒಬ್ಬರನ್ನೊಬ್ಬರು ದೂಡುತ್ತ, ಬಾಯಿಯಿಂದಲೇ ತಿನ್ನುತ್ತಾರೆ. ಇದಕ್ಕೆ ದೋಣಿ ತುಂಬಿಸುವುದು ಎನ್ನುತ್ತಾರೆ. ಅವ್ವ ಜಮಾದಾರನ ಹೆಸರಿನಲ್ಲಿ ದೋಣಿ ಹರಕೆ ಹೊತ್ತಳು.

“ನಾಯಿ ಸಲುವಾಗಿ ಹರಕಿ ಹೊತ್ತೋರ್ನ ನಾ ಎಲ್ಲೂ ಕಂಡಿಲ್ಲ ಬೇ” ಎಂದೆ.

“ಈಗ ಕಂಡ್ಯಲ್ಲ. ಸುಮ್ಮನ ಕುಂತು ಬೆಲ್ಲ ಒಡಿ” ಎಂದಳು.

ದೋಣಿಯ ದಿನ ಬಿಸಿಲೇರುವ ಹೊತ್ತಿಗೆ ಅಂಗಳ ತುಂಬಿತು. ಕರಿಕಂಬಳಿ ಹೊದ್ದು, ಡಮರುಗ ಹಿಡಿದ ಗೊರವಯ್ಯಗಳು ಬಂದರು. ಗೌಡರೂ ಬಂದರು. ಅವರ ಮನೆಯಲ್ಲಿ ಅಂದು ಬೆಳಿಗ್ಗೆ ಹಗೇವು ತೆಗೆದಿದ್ದರು. ಹಗೇವು ಗೊತ್ತಲ್ಲ, ನೆಲದೊಳಗೆ ತೋಡಿ ಜೋಳ ತುಂಬಿಡುವ ಕಣಜ. ವರ್ಷಗಟ್ಟಲೆ ಮುಚ್ಚಿದ ಅದರ ಬಾಯಿ ತೆಗೆದ ಕೂಡಲೇ ಒಳಗೆ ಇಳಿಯುವಂತಿಲ್ಲ. ಒಳಗಿನ ಕಾವು ಮನುಷ್ಯನನ್ನು ಉಸಿರು ಕಟ್ಟಿಸಿ ಕೊಂದುಬಿಡುತ್ತದೆ. ಒಂದು ದಿನ ಗಾಳಿಗೆ ಬಿಟ್ಟು, ಕಂದೀಲು ಇಳಿಬಿಟ್ಟು, ಅದು ಆರಲಿಲ್ಲವೆಂದರೆ ಮಾತ್ರ ಇಳಿಯಬೇಕು. ಹಾಗಾಗಿ ಗೌಡರ ಆಳುಗಳೆಲ್ಲ ಬಿಡುವಾಗಿ ನಮ್ಮಲ್ಲಿಗೆ ಬಂದಿದ್ದರು. ಜೋಳ ಒಯ್ಯಲು ಸಿಂಧನೂರಿನಿಂದ ಬಂದಿದ್ದ ಗೌಡರ ಹೊಸ ಅಳಿಯ ಮಾತ್ರ, “ನೀವು ಹೋಗ್ರಿ, ನಾ ಇಲ್ಲೇ ಅಡ್ಡಾಗ್ತೀನಿ” ಎಂದನಂತೆ.

ಜಮಾದಾರನನ್ನು ನಾನು ಹಿತ್ತಲಲ್ಲಿ ಕಟ್ಟಿ ಬಾಗಿಲು ಹಾಕಿದ್ದೆ. ಇಲ್ಲಿ ಗೊರವಯ್ಯಗಳು ಬೊಗಳಲು ಶುರುಮಾಡಿದರೆ ಅಲ್ಲಿಂದ ಅವನು ಉತ್ತರ ಕೊಡತೊಡಗಿದ. ಇವರು ಒಮ್ಮೆ, ಅವನು ಎರಡು ಸಲ. ಮಂದಿ ನಕ್ಕು ನಕ್ಕು ಸಾಕಾದರು. ಅಷ್ಟರಲ್ಲಿ ಅವ್ವ, ಯಾರ ಹೆಸರಿನ ಊಟವೋ ಅವನೇ ಹೊರಗೆಂದರೆ ಹೇಗೆ ಎಂದು ಹೋಗಿ ಸರಪಳಿ ಬಿಚ್ಚಿಬಿಟ್ಟಳು. ಜಮಾದಾರ ಓಡಿ ಬಂದವನೇ ಗೊರವಯ್ಯಗಳ ನಡುವೆ ತೂರಿ ದೋಣಿಗೆ ಬಾಯಿ ಹಾಕಿದ. ಎರಡು ಗುಟುಕು ಹಾಲು ಕುಡಿದಿರಬೇಕು. ಅಲ್ಲೇ ಪಕ್ಕಕ್ಕೆ ಉರುಳಿದ. ಕಾಲು ಬಡಿಯತೊಡಗಿದ. ಬಾಯಲ್ಲಿ ನೊರೆ.

ಡಮರುಗ ನಿಂತಿತು. ಗೌಡರು ಎದ್ದು ನಿಂತರು. ಹಿಂದಿನ ಸಾಲಿನಲ್ಲಿ ಯಾರೋ ಬಡಿಗೆ ಹುಡುಕುವುದು ನನಗೆ ಕಂಡಿತು. ನಾನು ಹೋಗಿ ಅವನ ಮೇಲೆ ಬಗ್ಗಿ ಕೂತೆ. ಹೊಡೆಯುವುದಾದರೆ ನನ್ನ ಬೆನ್ನಿಗೆ ಬೀಳಲಿ ಎನ್ನುವುದು ಬಿಟ್ಟರೆ ಬೇರೇನೂ ಹೊಳೆಯಲಿಲ್ಲ. ಆಗ ಹಿರಿಯ ಗೊರವಯ್ಯ ಗಡ್ಡಕ್ಕೆ ಹತ್ತಿದ ಹಾಲು ಒರೆಸಿಕೊಂಡು ಹೇಳಿದ:

“ಗೌಡ್ರ, ದೋಣಿ ಮುಂದ ಬೊಗಳಾಕತ್ತಿದ ನಾವೂ ನಾಯಿಗೋಳ ಅದೀವ್ರಿ. ಹುಚ್ಚು ಅಂತ ಬಡಿಯೋದಾದ್ರ ನಮ್ಮಿಂದ ಶುರು ಮಾಡ್ರಿ.” ಹಾಗೆಂದು ಕೈಯೆತ್ತಿ ದೊಡ್ಡ ದನಿ ತೆಗೆದ, “ಸದ್ದಲೇ!”

ನಮ್ಮ ಕಡೆಯವರಿಗೆ ಆ ಕೂಗು ಗೊತ್ತು. ಮೈಲಾರನ ಗೊರವಯ್ಯ ಭವಿಷ್ಯ ನುಡಿಯುವ ಮುನ್ನ ಜನರನ್ನು ಸುಮ್ಮನಾಗಿಸುವ ಕೂಗು ಅದು. ಕ್ಷಣದಲ್ಲಿ ಅಂಗಳದ ಬಣ್ಣವೇ ಬದಲಾಯಿತು. ನಾಯಿಯ ಮೈಮೇಲೆ ಮೈಲಾರಪ್ಪ ಬಂದಾನ ಎಂದು ಪಿಸುಮಾತು ಹಬ್ಬಿತು. ಬಡಿಗೆ ಹುಡುಕುತ್ತಿದ್ದವನು ಕೈಮುಗಿದ. ಒಬ್ಬ ಮುದುಕಿ ಹತ್ತಿರ ಬಂದು, “ಯಪ್ಪಾ, ಈ ಸಲ ಮಳಿ ಹೆಂಗೈತಿ?” ಎಂದು ಕಾಲು ಬಡಿಯುತ್ತಿದ್ದ ನಾಯಿಯನ್ನು ಕೇಳಿಯೇಬಿಟ್ಟಳು. ನನ್ನ ಜೀವ ಬಾಯಿಗೆ ಬಂದಿರದಿದ್ದರೆ ನಾನು ನಗುತ್ತಿದ್ದೆ.

ಮೂರ್ಛೆ ಇಳಿಯಿತು. ಜಮಾದಾರ ತೂರಾಡುತ್ತ ಎದ್ದ. ಇನ್ನೇನು ಎಡಕ್ಕೆ ಸುತ್ತುತ್ತಾನೆ ಎಂದು ನಾನು ಎಡಗಡೆಯ ಮಂದಿಯನ್ನು ಸರಿಸಿದೆ. ಅವನು ಸುತ್ತಲಿಲ್ಲ. ತಲೆ ತಗ್ಗಿಸಿ ನೆಟ್ಟಗೆ ನಡೆದ. ಅಂಗಳ ದಾಟಿ, ತಲಬಾಗಿಲು ದಾಟಿ, ಓಣಿಗೆ ಇಳಿದ. ಕಣ್ಣು ತೆರೆದಿದ್ದವು, ಆದರೆ ಕಾಣುತ್ತಿರಲಿಲ್ಲ. ನಾನು ಎದುರಿಗೆ ಕೈ ಆಡಿಸಿ ನೋಡಿದೆ, ರೆಪ್ಪೆ ಬಡಿಯಲಿಲ್ಲ. ನನ್ನ ದನಿಗೂ ಕಿವಿ ನಿಮಿರಲಿಲ್ಲ. ಹಿಂದೆ ಡಮರುಗ ಬಾರಿಸುತ್ತ ಗೊರವಯ್ಯಗಳು, ಅವರ ಹಿಂದೆ ಊರು, ಎಲ್ಲರ ಹಿಂದೆ ಕೌದಿ, ಉಳ್ಳಾಗಡ್ಡಿ, ಕೀಲಿಕೈ ಹಿಡಿದು ಅವ್ವ. ಹನುಮಪ್ಪನ ಗುಡಿ ದಾಟಿ, ಬಾವಿಯ ಕಟ್ಟೆಯನ್ನು ಕಣ್ಣಿದ್ದವರ ಹಾಗೆ ಬಳಸಿಕೊಂಡು, ಅವನು ಗೌಡರ ಮನೆಯ ಮುಂದಿನ ಬಯಲಿಗೆ ಹೋದ. ತೆರೆದ ಹಗೇವಿನ ಬಾಯಿಯ ಹತ್ತಿರ ನಿಂತ. ಪಕ್ಕದ ಗೂಟದಿಂದ ಒಂದು ಹಗ್ಗ ಒಳಗೆ ಇಳಿದಿತ್ತು. ಆ ಹಗ್ಗದ ಮೇಲೆ ಗದ್ದ ಊರಿ ಮಲಗಿಬಿಟ್ಟ.

ಮೊದಲು ತಿಳಿದದ್ದು ಗೌಡರಿಗೆ. “ಲೇ, ಎಳೀರಿ ಹಗ್ಗಾನ!” ಎಂದು ಅವರು ಕೂಗಿದ ದನಿ ನನಗೆ ಈಗಲೂ ಕೇಳಿಸುತ್ತದೆ. ಎಳೆದರು. ಸೊಂಟಕ್ಕೆ ಹಗ್ಗ ಕಟ್ಟಿಕೊಂಡ ಅಳಿಯ ಜೋಳದ ಮೂಟೆಯ ಹಾಗೆ ಮೇಲೆ ಬಂದ. ಯಾರೂ ಇಲ್ಲದಾಗ ಒಬ್ಬನೇ ಇಳಿದು ಮಾವನ ಮುಂದೆ ಗಟ್ಟಿಗನೆನಿಸಿಕೊಳ್ಳುವ ಆಸೆ ಅವನಿಗೆ. ಮುಖ ಕಪ್ಪಿಟ್ಟಿತ್ತು. ಅವ್ವ ಯಾರನ್ನೂ ಕೇಳಲಿಲ್ಲ, ಕೌದಿ ಹಾಸಿದಳು, ತಲೆಗೆ ಆಸರೆ ಕೊಟ್ಟಳು, ಉಳ್ಳಾಗಡ್ಡಿ ಒಡೆದು ಮೂಗಿಗೆ ಹಿಡಿದಳು, ನಾಯಿಯ ಕೀಲಿಕೈಯನ್ನೇ ಅವನ ಮುಷ್ಟಿಯಲ್ಲಿಟ್ಟು ಒತ್ತಿದಳು. ಗೊರವಯ್ಯಗಳು ಕಂಬಳಿಯಿಂದ ಗಾಳಿ ಬೀಸಿದರು. ಗೌಡರ ಮಗಳು ಬಾಗಿಲಲ್ಲಿ ಸೆರಗು ಕಚ್ಚಿ ನಿಂತಿದ್ದಳು. ಬಹಳ ಹೊತ್ತಾಯಿತು ಎನಿಸಿದ ಮೇಲೆ ಅಳಿಯ ಕೆಮ್ಮಿದ, ಕಣ್ಣು ತೆರೆದ. ಸುತ್ತ ನಿಂತ ಕರಿಕಂಬಳಿಯವರನ್ನೂ ಪಕ್ಕದಲ್ಲೇ ಮಲಗಿದ್ದ ನಾಯಿಯನ್ನೂ ನೋಡಿ ಕೊನೆಗೆ ಗೌಡರ ಕಡೆ ತಿರುಗಿ ಹೇಳಿದ, “ಜ್ವಾಳ ಚಲೋ ಅದಾವ್ರೀ ಮಾವಾರ.”

ಅತ್ತವರೂ ನಕ್ಕರು. ಗೌಡರು ನಗುತ್ತ ಅಳುತ್ತ ಜಮಾದಾರನ ಎದುರು ತಲೆಯ ರುಮಾಲು ತೆಗೆದು, “ಇದರ ಮ್ಯಾಲ ಇನ್ನ ಯಾವನರ ಕೈ ಎತ್ತಿದ್ರ ನೋಡ್ರಿ” ಎಂದರು. ಮೊದಲು ಕೈ ಎತ್ತುವೆನೆಂದಿದ್ದವರು ಅವರೇ ಎಂದು ನೆನಪಿಸುವ ಧೈರ್ಯ ಯಾರಿಗೂ ಇರಲಿಲ್ಲ. ಸಾಕ್ಷಾತ್ ಮೈಲಾರಪ್ಪನೇ ಆಗಿಹೋದ ನನ್ನ ನಾಯಿಯನ್ನು ನಾನು ಹೆಗಲ ಮೇಲೆ ಹೊತ್ತು ಮನೆಗೆ ತಂದು ಇಳಿಸಿದೆ. ಇಳಿಸಿದ ಕೂಡಲೇ ಅವನು ಎಡಕ್ಕೆ ವಾಲಿ, ಸುತ್ತು ಹಾಕಿ, ಗೋಣಿಚೀಲದ ಕಂಬಕ್ಕೆ ಢೀ ಕೊಟ್ಟು ನಿಂತ.

ಇದಕ್ಕೆ ನಾನು ಹುಡುಕದ ಕಾರಣವಿಲ್ಲ. ಹಗೇವಿನ ವಾಸನೆ ಬಡಿದಿರಬಹುದೇ? ಅವತ್ತು ಊರೆಲ್ಲ ಆ ವಾಸನೆಯೇ ಇತ್ತು, ಆದರೆ ಮೂರ್ಛೆ ತಿಳಿದೆದ್ದಾಗ ಮೂಗಿನ ಮುಂದೆ ಹಿಡಿದ ಬೆಣ್ಣೆರೊಟ್ಟಿಯೂ ಅವನಿಗೆ ತಿಳಿಯುತ್ತಿರಲಿಲ್ಲ. ಅಳಿಯ ಕೂಗಿದ್ದು ಕೇಳಿಸಿತೇ? ತಾನು ಕೂಗಲೇ ಇಲ್ಲ, ಇಳಿದದ್ದಷ್ಟೇ ನೆನಪು ಎಂದು ಅವನೇ ಹೇಳಿದ. ಮುಂದೊಮ್ಮೆ ಸಲೋತ್ರಿ ಸಾಹೇಬರಿಗೆ ಎಲ್ಲ ಹೇಳಿದೆ. ಅವರು ಗಡ್ಡ ನೀವಿಕೊಂಡು, “ಪುಡಿ ಬಿಡಿಸಬ್ಯಾಡ” ಎಂದಷ್ಟೇ ಹೇಳಿದರು. ಅದಕ್ಕೆ ಮೊದಲೂ ಆಮೇಲೂ ಬಂದ ಎಲ್ಲ ಮೂರ್ಛೆಯಲ್ಲೂ ಅವನು ಎಡಕ್ಕೇ ಸುತ್ತಿದ. ಆ ಒಂದು ದಿನ ಮಾತ್ರ ನೆಟ್ಟಗೆ ನಡೆದ.

ಜಮಾದಾರ ತಿರುಗಿ ಕಟ್ಟೆ ಏರಿದ. ಓಣಿಯಲ್ಲಿ ಅವನಿಗೆ ಮೂರ್ಛೆ ಬಂದರೆ ಮಂದಿ ಬಡಿಗೆ ಹುಡುಕುವ ಬದಲು ಚಪ್ಪಲಿ ಬಿಟ್ಟು ನಿಲ್ಲತೊಡಗಿದರು. ಮಳೆಯ ಮುದುಕಿ ತಪ್ಪದೆ ಹಾಜರಾಗುತ್ತಿದ್ದಳು. ಗೌಡರ ಮನೆಯಿಂದ ಹಬ್ಬಕ್ಕೊಮ್ಮೆ ಹೋಳಿಗೆ ಬರುತ್ತಿತ್ತು, ನಮಗಲ್ಲ, ಅವನಿಗೆ. ಹೀಗೆ ಮುದಿಯಾಗುವವರೆಗೂ ಬದುಕಿದ.

ಅವನ ಕೊನೆಯ ದಿನಗಳಲ್ಲಿ ಒಂದು ಸಂಜೆ ಮೂರ್ಛೆ ಬಂದು ಇಳಿಯಿತು. ಎದ್ದು ಮೆಲ್ಲಗೆ ಅಂಗಳದಲ್ಲಿ ಎಡಕ್ಕೆ ಸುತ್ತತೊಡಗಿದ. ಎಲ್ಲಿಗೆ ಹೋಗುತ್ತಾನೋ ನೋಡೋಣ ಎಂದು ನಾನೂ ಹಿಂದೆ ನಡೆದೆ. ಎರಡು ಸುತ್ತು ಆದಮೇಲೆ ನೋಡಿಕೊಳ್ಳುತ್ತೇನೆ, ನನ್ನ ಕೈಗಳು ಮುಗಿದಿದ್ದವು. ಯಾವಾಗ ಮುಗಿದೆನೋ ಗೊತ್ತಿಲ್ಲ. ಅವನು ಕಂಬದವರೆಗೂ ಹೋಗಲಿಲ್ಲ. ತಿರುಗಿ ಬಂದು ನನ್ನ ಕಾಲಿಗೆ ಢೀ ಕೊಟ್ಟು, ಮೂಸಿ, ಗುರುತು ಹಿಡಿದು, ನನ್ನ ಪಾದದ ಮೇಲೆ ಗದ್ದ ಊರಿ ಮಲಗಿದ. ಅವತ್ತು ಹಗ್ಗದ ಮೇಲೆ ಮಲಗಿದ್ದ ಹಾಗೆಯೇ.

ಕಟ್ಟೆಯ ಮೇಲಿದ್ದ ಅವ್ವ ಇದನ್ನೆಲ್ಲ ನೋಡಿದ್ದಳು. “ಏನಂದಾನ ನಿನಗ?” ಎಂದು ನಗುತ್ತ ಕೇಳಿದಳು.

ವಹಮು ಎನ್ನಲು ಬಾಯಿ ತೆರೆದೆ. ಪಾದದ ಮೇಲೆ ಅವನ ಬೆಚ್ಚಗಿನ ಉಸಿರು ಬರುತ್ತಿತ್ತು. ಅವನಿಗೆ ಎಚ್ಚರವಾದೀತೆಂದು ನಾನು ಅಲುಗಾಡದೆ ಹಾಗೇ ನಿಂತುಕೊಂಡೆ.