ಮೆಹರುನ್ನಿಸಾ ಸಿಸ್ಟರ್ ಅವರ ವಾರ್ಡು

ವಾರ್ಡಿನಲ್ಲಿ ಪರಿಸ್ಥಿತಿ ಕೈಮೀರುತ್ತಿದೆ ಎಂದು ನಮಗೆ ಗೊತ್ತಾಗುತ್ತಿದ್ದುದು ಮೆಹರುನ್ನಿಸಾ ಸಿಸ್ಟರ್ ಅವರ ದನಿಯಿಂದ. ಬೇರೆಯವರ ದನಿ ಏರುವ ಹೊತ್ತಿಗೆ ಅವರದು ತಗ್ಗುತ್ತಿತ್ತು. ಅದನ್ನು ಕೇಳಿಸಿಕೊಳ್ಳಲೆಂದೇ ನಾವೆಲ್ಲ ಬಾಯಿ ಮುಚ್ಚುತ್ತಿದ್ದೆವು.

ತೊಂಬತ್ತರ ದಶಕದ ಆರಂಭ. ಚಿಂತಾಮಣಿಯ ಒಂದು ನರ್ಸಿಂಗ್ ಹೋಮಿನ ನಾಲ್ಕು ಮಂಚಗಳ ಐಸಿಯುಗೆ ಅವರು ಹಿರಿಯ ನರ್ಸ್, ನಾನು ಹೊಸಬಳು. ಶಿಡ್ಲಘಟ್ಟದ ರೇಷ್ಮೆ ನೂಲು ತೆಗೆಯುವವರ ಮನೆಯಿಂದ ಸಿಸ್ಟರ್ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಬಂದೊಡನೆ ಚಾರ್ಟು ನೋಡುತ್ತಿರಲಿಲ್ಲ, ನೆಲ ಒರೆಸುವ ಆಯಾಳನ್ನು ಕೇಳುತ್ತಿದ್ದರು: “ಏನ್ ನೋಡ್ದೆ ಮುನಿಯಮ್ಮ?” “ಮೂರನೇ ಮಂಚದೋರ ಕಾಲು ತಣ್ಣಗೈತಮ್ಮ” ಎಂದರೆ ಸೀದಾ ಹೋಗಿ ಆ ಕಾಲು ಮುಟ್ಟುತ್ತಿದ್ದರು.

ಒಂದು ದಿನ ದಿಬ್ಬೂರಹಳ್ಳಿಯ ಹೆಂಗಸೊಬ್ಬಳು ಕೀಟನಾಶಕ ಕುಡಿದು ಬಂದಿದ್ದಳು. ಹದಿನೈದು ನಿಮಿಷಕ್ಕೊಮ್ಮೆ ವಿಷ ಇಳಿಸುವ ಇಂಜೆಕ್ಷನ್ ಕೊಡುವುದು ನನ್ನ ಕೆಲಸ. ಪಕ್ಕದ ಮಂಚದ ಗಡಿಬಿಡಿಯಲ್ಲಿ ಒಂದು ಡೋಸು ತಪ್ಪಿತು. ಹೆದರಿ, ಕೊಟ್ಟೆನೆಂದು ಚಾರ್ಟಿನಲ್ಲಿ ಬರೆದುಬಿಟ್ಟೆ. ಸ್ವಲ್ಪ ಹೊತ್ತಿಗೆ ಅವಳ ಬಾಯಲ್ಲಿ ನೊರೆ ಬಂತು. ಸಿಸ್ಟರ್ ಅವಳ ಕಣ್ಣುರೆಪ್ಪೆ ಎತ್ತಿ ನೋಡಿ ಮೆಲ್ಲಗೆ ಕೇಳಿದರು:

“ಕೊಟ್ಯೇನಮ್ಮ?”

“ಇಲ್ಲ ಸಿಸ್ಟರ್.”

ಸಿಸ್ಟರ್ ಸಿರಿಂಜು ತುಂಬಿಸಿ ತಾವೇ ಕೊಟ್ಟರು. ಓಡಿಬಂದ ಡಾಕ್ಟರು ನೊರೆ ಕಂಡು “ಯಾರ ತಪ್ಪಿದು?” ಎಂದು ಗುಡುಗಿದರು.

“ವಾರ್ಡು ನಂದು ಸಾರ್, ತಪ್ಪೂ ನಂದೇ. ಮೊದ್ಲು ಪೇಷಂಟ್ ನೋಡಣ.”

ಸಂಜೆ ನನ್ನ ಕೈಯಲ್ಲೇ ಆ ಸುಳ್ಳನ್ನು ಹೊಡೆದುಹಾಕಿಸಿ, ನಿಜ ಬರೆಸಿ, ಸಹಿ ಹಾಕಿಸಿದರು. “ಆಗ್ಲಿಲ್ಲ ಅಂದ್ರೆ ಕೂಗಮ್ಮ, ನಾನ್ ಬರ್ತೀನಿ. ಚಾರ್ಟಲ್ಲಿ ಮುಚ್ಚಿಟ್ರೆ ಹೆಂಗೆ ಬರ್ಲಿ?” ಚಾರ್ಟನ್ನು ನಾನೇ ಡಾಕ್ಟರಿಗೆ ತೋರಿಸಬೇಕಾಯಿತು, ತೋರಿಸುವಾಗ ಅವರೂ ಪಕ್ಕದಲ್ಲಿ ನಿಂತಿದ್ದರು. ನಾಲ್ಕನೇ ದಿನ ಆ ಹೆಂಗಸು ಮಜ್ಜಿಗೆ ಕೇಳಿದಳು. ಕುಡಿಸುವ ಕೆಲಸವನ್ನು ಸಿಸ್ಟರ್ ನನಗೇ ಕೊಟ್ಟರು.

ಏಳೆಂಟು ವರ್ಷಗಳ ನಂತರ, ಆ ವಾರ್ಡು ನನ್ನ ಉಸ್ತುವಾರಿಗೆ ಬಂದಿದ್ದಾಗ, ಎದೆನೋವೆಂದು ಸಿಸ್ಟರ್ ಅವರನ್ನೇ ಕರೆತಂದರು. ಡ್ರಿಪ್ ಹಾಕಲು ಹೊಸ ನರ್ಸು ಎರಡು ಸಲ ಚುಚ್ಚಿದರೂ ನರ ಸಿಗಲಿಲ್ಲ. ನಾನೇ ಹಾಕೋಣವೆಂದು ಸೂಜಿಗೆ ಕೈಚಾಚಿದೆ. ಸಿಸ್ಟರ್ ತಡೆದರು.

“ಇರಮ್ಮ, ಅವಳೇ ಹಾಕ್ತಾಳೆ” ಎಂದು ಇನ್ನೊಂದು ತೋಳು ಮುಂದಿಟ್ಟರು.

ಮೂರನೇ ಸಲ ಸಿಕ್ಕಿತು.

ಮಧ್ಯಾಹ್ನ ಅವರನ್ನು ಬೆಂಗಳೂರಿಗೆ ಕಳಿಸಿದೆವು. ಹೊಸಕೋಟೆ ದಾಟುವಷ್ಟರಲ್ಲಿ ಹೋಗಿಬಿಟ್ಟರಂತೆ. ಸುದ್ದಿ ಬಂದಾಗ ಆ ಹುಡುಗಿ, “ಎರಡು ಸಲ ನೋವು ಮಾಡ್ಬಿಟ್ಟೆ ಅಕ್ಕಾ” ಎಂದು ಬಿಕ್ಕಿದಳು. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಇಬ್ಬರೂ ಒಂದಷ್ಟು ಹೊತ್ತು ಅತ್ತೆವು. ಆಮೇಲೆ ಮುಖ ತೊಳೆದು, ಒಂದನೇ ಮಂಚದವರ ಡ್ರಿಪ್ ಬದಲಿಸಲು ಒಟ್ಟಿಗೇ ಹೋದೆವು.